ವೀರ್ಯಾಣುಗಳಿಗೆ ಬಾಲ ಮಂಜೂರು ಮಾಡುವ ಬಗ್ಗೆ

ಇಂದ:
ಇಮ್ತಿಯಾಝ್ ಬಿನ್ ಹಾಜಬ್ಬ,
ಸ್ಕೂಟರ್ ಬಿಡಿಭಾಗಗಳ ಅಂಗಡಿ,
ಮೆಲ್ಕಾರ್, ಬಂಟ್ವಾಳ ತಾಲೂಕು.

ಗೆ:
ಮಾನ್ಯ ವಂಶವಾಹಿಗಳು,
ಬಾಲ ಜೋಡಣಾ ವಿಭಾಗ,
ಅರ್ಜಿದಾರನ ಸ್ವಂತ ಶರೀರ.

ಮಾನ್ಯರೇ,

ವಿಷಯ: ಅರ್ಜಿದಾರನ ವೀರ್ಯಾಣುಗಳಿಗೆ ಬಾಲ ಕೋರಿ.
ಉಲ್ಲೇಖ: ಮೂಡುಬಿದಿರೆಯ ಲ್ಯಾಬಿನ ವರದಿ ಹಾಗೂ ಅರ್ಜಿದಾರನ ತಾಯಿ ಬೀಯಮ್ಮನವರ ಮೌಖಿಕ ಆದೇಶಗಳು.

1. ಸದರಿ ಅರ್ಜಿದಾರನಿಗೆ ರಾಫಿಯಾಳೊಂದಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರುವುದಿಲ್ಲ. ಆದಕಾರಣ, ಸೊಸೆಯಲ್ಲೇ ಕೊರತೆಯೆಂದು ಬೀಯಮ್ಮನವರು ತೀರ್ಮಾನಿಸಿ, ಪುಂಜಾಲಕಟ್ಟೆಯಿಂದ ಬೇರು ತರಿಸಿ, ದಿನಾ ಬೆಳಿಗ್ಗೆ ಆಕೆಗೆ ಕಹಿ ಕಷಾಯ ಕುಡಿಸುತ್ತಾ ಬಂದಿರುತ್ತಾರೆ. ಅವಳು ಮುಖ ಕಿವುಚಿಕೊಂಡು ಕುಡಿಯುವುದು, ಅರ್ಜಿದಾರ ಪಕ್ಕದಲ್ಲೇ ಕುಳಿತು ಸಿಹಿ ಚಹಾ ಹೀರುವುದು ಮನೆಯ ಪದ್ಧತಿಯಾಗಿರುತ್ತದೆ.

2. ರಾಫಿಯಾ ಹಟ ಹಿಡಿದ ಕಾರಣ, ಮೆಲ್ಕಾರಿನಲ್ಲಿ ಯಾರಾದರೂ ಕಂಡಾರೆಂದು ಹೆದರಿ, ಅರ್ಜಿದಾರ ಅವಳೊಂದಿಗೆ ಮೂಡುಬಿದಿರೆಗೆ ಹೋಗಿ ಇಬ್ಬರಿಗೂ ವಂಶವಾಹಿ ಸಹಿತ ಎಲ್ಲ ಪರೀಕ್ಷೆ ಮಾಡಿಸಿದನು. ವೀರ್ಯಾಣುಗಳಿಗೆ ಜೀವವಿದೆ, ತಲೆಯೂ ಇದೆ. ಬಾಲ ಮಾತ್ರ ಮೊಟಕಾಗಿ ಸುರುಳಿ ಸುತ್ತಿಕೊಂಡಿರುವುದರಿಂದ, ಅವು ಈಜಲಾಗದೆ ನಿಂತಲ್ಲೇ ನಡುಗುತ್ತಿವೆ ಎಂದು ಅಲ್ಲಿನ ಡಾ. ಮೋಕ್ಷಿತಾ ತಿಳಿಸಿದರು. ಬಾಲ ಕಟ್ಟುವ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿವೆ, ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು. ರಾಫಿಯಾಳಲ್ಲಿ ಕೊರತೆ ಏನೂ ಇಲ್ಲ ಎಂದೂ ಹೇಳಿದರು. ಬಿಡಿಭಾಗ ಮಾರುವವನಾದ್ದರಿಂದ ಅರ್ಜಿದಾರನಿಗೆ ಎಲ್ಲವೂ ಅರ್ಥವಾಯಿತು. ಬದಲಿ ಭಾಗ ಎಲ್ಲೂ ಸಿಗುವುದಿಲ್ಲವೆಂಬುದನ್ನು ಮಾತ್ರ ನಂಬಲಾಗಲಿಲ್ಲ.

3. ಮರುದಿನ ಅರ್ಜಿದಾರ ನಾಚಿಕೆಯಿಂದ ಚಹಾವನ್ನು ಬದಿಗೆ ಸರಿಸಿದನು. "ಉಮ್ಮ, ಅವಳಿಗೆ ಕೊಡ್ಬೇಡಿ. ಕೊರತೆ ಇರುವುದು ನನ್ನಲ್ಲಿ," ಎಂದು ಹೇಳಿಬಿಟ್ಟು, ಎರಡು ಪ್ರತಿಗಳ ವಿಚಾರವನ್ನೂ ವಿವರಿಸಿದನು. ಬೀಯಮ್ಮನವರು ಕಷಾಯದ ಲೋಟವನ್ನು ಸೊಸೆಯ ಮುಂದಿನಿಂದ ಎತ್ತಿಕೊಂಡರು. ಆಮೇಲೆ ಅದನ್ನು ಮಗನ ಮುಂದಿಟ್ಟು, ಒಳಗಿನಿಂದ ಇನ್ನೆರಡು ಲೋಟ ಕಷಾಯ ತಂದು, ಒಂದನ್ನು ಗಂಡ ಹಾಜಬ್ಬರ ಕಡೆ ತಳ್ಳಿದರು.

"ಆ ಎರಡನ್ನೂ ನಾವಲ್ವಾ ಕೊಟ್ಟದ್ದು? ಮೂವರೂ ಕುಡಿಯುವ," ಎಂದರು.

4. ಅಂದಿನಿಂದ ಚಹಾ ರಾಫಿಯಾಳಿಗೆ. ಕಷಾಯ ಬಡಿಸುವವಳೂ ಅವಳೇ. ಲೋಟದ ಅಂಚಿನವರೆಗೆ ತುಂಬಿಸುತ್ತಾಳೆ.

5. ಬಾಲವಿಲ್ಲದಿದ್ದರೂ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಎತ್ತಿ ನೇರವಾಗಿ ಅಂಡದೊಳಗೆ ಇಳಿಸಬಹುದೆಂದು ಡಾಕ್ಟರ್ ಹೇಳಿರುವುದರಿಂದ, ಗಂಡಹೆಂಡತಿ ಮುಂದಿನ ತಿಂಗಳು ಮಂಗಳೂರಿಗೆ ಹೋಗಲಿದ್ದಾರೆ. ಅರ್ಜಿದಾರನಿಗೆ ಆಸೆಯೂ ಇದೆ, ಹೆದರಿಕೆಯೂ ಇದೆ.

ಆದ್ದರಿಂದ ಅಷ್ಟರೊಳಗೆ ಬಾಲ ಮಂಜೂರು ಮಾಡಬೇಕಾಗಿ, ಆಗದಿದ್ದಲ್ಲಿ ತಲೆಯನ್ನಾದರೂ ಸುಸ್ಥಿತಿಯಲ್ಲಿಡಬೇಕಾಗಿ ಕೋರಿಕೆ.

ತಮ್ಮನ್ನು ಹುಟ್ಟಿನಿಂದಲೇ ಹೊತ್ತು ತಿರುಗುತ್ತಿರುವ ವಿಶ್ವಾಸಿ,
ಇಮ್ತಿಯಾಝ್

ಲಗತ್ತುಗಳು: ಲ್ಯಾಬ್ ವರದಿ, ಡಾಕ್ಟರ್ ಬಿಡಿಸಿಕೊಟ್ಟ ಬಾಲದ ಚಿತ್ರ, ಕಷಾಯದ ಮಾದರಿ, ಒಂದು ಸೀಸೆ.

ವಿ.ಸೂ.: ಕಷಾಯಕ್ಕೂ ಬಾಲಕ್ಕೂ ಸಂಬಂಧವಿಲ್ಲವೆಂದು ಬೀಯಮ್ಮನವರಿಗೆ ತಿಳಿಹೇಳುವುದು ತಮ್ಮಿಂದಲೂ ಸಾಧ್ಯವಾಗದು. ಆದಕಾರಣ, ಸ್ವಲ್ಪ ಬೆಲ್ಲ ಹಾಕುವಂತೆ ರಾಫಿಯಾಳಿಗಾದರೂ ಶಿಫಾರಸು ಮಾಡಬೇಕಾಗಿ ವಿನಂತಿ. ಅರ್ಜಿದಾರ ಖುದ್ದಾಗಿ ಕೇಳಿದ್ದಕ್ಕೆ, "ನನಗೆ ಯಾರು ಹಾಕಿದ್ದರು?" ಎಂದಿರುತ್ತಾಳೆ.