ಹುರುಳಿಯ ಮೇಲೆ ಅರವತ್ತೆರಡು: ನನ್ನ ಕಾರಿನ ಪೆಟ್ಟಿಗೆಯವರಿಗೊಂದು ಬಹಿರಂಗ ಪತ್ರ

ನನ್ನ ಕಾರಿನ ಗೇರಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದೆ, ಕತ್ತಲಲ್ಲಿ ವಾಸವಾಗಿರುವ ಅಪಘಾತ ದಾಖಲೆಯ ಪೆಟ್ಟಿಗೆಯವರಿಗೆ,

ಮಾನ್ಯರೇ,

ಹಾನಗಲ್ಲಿನಲ್ಲಿ ಲಗ್ನಪತ್ರಿಕೆ ಛಾಪಿಸಿ, ಅದರ ಮೇಲೆ ಪ್ರಾಸ ಕೂಡಿಸಿ ಹೊಟ್ಟೆ ಹೊರೆಯುವ ಶಂಭುಲಿಂಗನ ಶರಣು ಶರಣಾರ್ಥಿ. ಕಾರು ಕೊಂಡ ದಿನದಿಂದ ತಾವು ಬಾಡಿಗೆಯಿಲ್ಲದೆ ನನ್ನ ಕಾರಿನಲ್ಲಿದ್ದೀರಿ ಎಂಬುದು ನನಗೆ ಮೊನ್ನೆ ಮೊನ್ನೆ ತಿಳಿಯಿತು. ಶೋರೂಮಿನವರು ಹಾಡಿನ ಗುಂಡಿ ತೋರಿಸಿದರು, ತಂಪಿನ ಗುಂಡಿ ತೋರಿಸಿದರು, ತಮ್ಮನ್ನು ಮಾತ್ರ ಪರಿಚಯಿಸಲಿಲ್ಲ. ಸಂಕೋಚದ ಸ್ವಭಾವದವರು ಇರಬೇಕೆಂದು ಭಾವಿಸಿ ನಾನು ಬೇಸರ ಮಾಡಿಕೊಂಡಿಲ್ಲ.

ತಮ್ಮ ವಿದ್ವತ್ತಿನ ಬಗ್ಗೆ ಈಗ ಕೇಳಿ ತಿಳಿದಿದ್ದೇನೆ. ಗಾಡಿ ಎಲ್ಲಿಯಾದರೂ ಬಡಿದರೆ, ಬಡಿಯುವ ಮುಂಚಿನ ಕೆಲವು ಗಳಿಗೆಯಲ್ಲಿ ಗಾಲಿ ಎಷ್ಟು ಜೋರು ತಿರುಗುತ್ತಿತ್ತು, ಬ್ರೇಕು ಒತ್ತಿದ್ದರೋ ಇಲ್ಲವೋ, ಬೆಲ್ಟು ಹಾಕಿದ್ದರೋ ಇಲ್ಲವೋ, ಬಡಿದ ಹೊಡೆತ ಎಷ್ಟು ಗಟ್ಟಿ ಎಂಬುದನ್ನೆಲ್ಲ ತಾವು ಬರೆದಿಟ್ಟುಕೊಳ್ಳುತ್ತೀರಂತೆ. ಇಷ್ಟು ಬರೆಯುವ ತಾವು ಒಮ್ಮೆಯಾದರೂ ತಲೆಯೆತ್ತಿ ಹೊರಗೆ ನೋಡಿದ್ದರೆ ಈ ಪತ್ರದ ಪ್ರಮೇಯವೇ ಬರುತ್ತಿರಲಿಲ್ಲ.

ನಡೆದದ್ದು ಇಷ್ಟು. ನನ್ನ ತಮ್ಮ ಚನ್ನೇಶ ಆಡೂರಿಗೆ ಲಗ್ನಪತ್ರಿಕೆಯ ಗಂಟು ಕೊಡಲು ಕಾರು ಒಯ್ದಿದ್ದ. ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ಸರೋಜವ್ವ ಎಂಬ ಹಿರಿಯರು, ನಮ್ಮ ಕಡೆ ಎಲ್ಲರೂ ಮಾಡುವಂತೆ, ಹುರುಳಿಯ ಬಳ್ಳಿ ಹಾಸಿದ್ದರು. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಿದರೆ ಒಕ್ಕಣೆ ತಾನಾಗಿಯೇ ಮುಗಿಯುತ್ತದೆ. ಚನ್ನೇಶ ಮೆಲ್ಲಗೆ ದಾಟುತ್ತಿದ್ದಾಗ ಆಕೆ ಕೈ ಅಡ್ಡ ಹಿಡಿದು, "ತಮ್ಮಾ, ಬಂದದ್ದ ಬಂದಿ, ಹಿಂದ ಮುಂದ ಇನ್ನೆರಡು ಸುತ್ತು ಆಡ್ಸಿ ಹೋಗಪಾ. ನಿನ್ನ ಗಾಡಿ ಭಾರಕ್ಕ ಚಲೋ ಉದರತಾವು" ಅಂದರು. ಹಿರಿಯರ ಮಾತು ಮೀರುವ ಹುಡುಗನಲ್ಲ. ಆಡಿಸಿದ. ಕೊನೆಯ ಸುತ್ತಿನಲ್ಲಿ ಬಳ್ಳಿಯ ರಾಶಿಯ ನಡುವೆ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿದವು, ಆಮೇಲೆ ತಟಕ್ಕನೆ ಡಾಂಬರು ಸಿಕ್ಕು ಕಾರು ಮುಂದಕ್ಕೆ ಜಿಗಿದು ರಸ್ತೆ ಬದಿಯ ಬೇವಿನ ಮರಕ್ಕೆ ತಲೆ ಕೊಟ್ಟಿತು. ಸರೋಜವ್ವ ಗಾಬರಿಯಿಂದ ಹಿಂದೆ ಸರಿದು ಬಿದ್ದು ಮುಂಗೈ ಮುರಿದುಕೊಂಡರು. ಒಂದು ದೀಪ ಒಡೆಯಿತು. ಏರ್‌ಬ್ಯಾಗುಗಳು ಮಲಗಿದ್ದವು ಮಲಗಿಯೇ ಇದ್ದವು. ಮುಂದೆ ಕಟ್ಟಿದ್ದ ಅಮಾವಾಸ್ಯೆಯ ನಿಂಬೆಹಣ್ಣಿಗೆ ಒಂದು ಗೀರು ಕೂಡ ಬೀಳಲಿಲ್ಲ.

ಆಗ ತಾವು ಗಾಲಿ ತಿರುಗಿದ್ದನ್ನಷ್ಟೇ ಎಣಿಸಿ ಬರೆದುಕೊಂಡಿರಿ: ವೇಗ ಅರವತ್ತೆರಡು.

ಮಾನ್ಯರೇ, ಚನ್ನೇಶನ ಜೊತೆ ಇಲ್ಲೇ ಹತ್ತಿರದ ಸವಣೂರಿಗೆ ಹೊರಟರೂ ನಮ್ಮ ಮನೆಯಲ್ಲಿ ಬುತ್ತಿ ಕಟ್ಟಿ ಕಳಿಸುತ್ತಾರೆ. ಅವನು ಹುಟ್ಟಿದ ಮೇಲೆ ಅರವತ್ತೆರಡು ಎಂಬುದನ್ನು ಪರೀಕ್ಷೆಯ ಅಂಕಗಳಲ್ಲಿ ಸಹ ಕಂಡವನಲ್ಲ. ತಮ್ಮ ಒಂದು ಅಂಕಿಯಿಂದ ಅವನಿಗೆ ಅತಿವೇಗದ ಶೂರನೆಂಬ ಕೀರ್ತಿ ಬಂದಿದೆ, ಅದಕ್ಕಾಗಿ ನಮ್ಮ ಮನೆತನ ಋಣಿಯಾಗಿದೆ. ತೊಂದರೆ ಏನೆಂದರೆ, ಅವನು ಬಸ್ಸಿನ ಚಾಲಕನಾಗಿ ಆಯ್ಕೆಯಾಗಿ ನೇಮಕದ ಆದೇಶಕ್ಕೆ ಕಾಯುತ್ತಿದ್ದಾನೆ. ಸರೋಜವ್ವನ ಕೈ ಮುರಿದದ್ದಕ್ಕೆ ಠಾಣೆಯವರು ಹಾಕಿದ ನಿರ್ಲಕ್ಷ್ಯದ ಚಾಲನೆಯ ಕೇಸು ಸಾಬೀತಾಗಿಬಿಟ್ಟರೆ ಅವನ ಕೈಗೆ ಸ್ಟೇರಿಂಗು ಯಾರೂ ಕೊಡುವುದಿಲ್ಲ.

ವಿಮಾ ಕಂಪನಿಯ ಸರ್ವೆಯರ್ ಸಾಹೇಬರು ಬಂದು, ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ, ಲ್ಯಾಪ್‌ಟಾಪಿನ ಮುಖವನ್ನು ನನ್ನಿಂದ ಆ ಕಡೆ ತಿರುಗಿಸಿ ತಮ್ಮೊಂದಿಗೆ ಬಹಳ ಹೊತ್ತು ಏಕಾಂತ ನಡೆಸಿದರು. ನನಗೂ ತೋರಿಸಿ ಎಂದು ವಿನಂತಿಸಿದೆ. "ನಿಮಗ ತೋರ್ಸಾಕ ಬರಂಗಿಲ್ರಿ" ಅಂದರು. ಗಾಡಿ ಯಾರದೆಂದು ಕೇಳಿದೆ. "ಗಾಡಿ ನಿಮ್ದರಿ." ಪೆಟ್ಟಿಗೆ ಯಾರದು? "ಪೆಟಗೀನೂ ನಿಮ್ದರಿ. ಒಳಗಿಂದು ಕಂಪನೀದ್ರಿ." ಅಂದರೆ ತೆಂಗಿನಕಾಯಿ ನನ್ನದು, ನೀರು ಪರರದು. ಗಾಡಿ ಮಾಡಿದವರು ತಮ್ಮನ್ನು ಓದಬಹುದು, ವಿಮೆಯವರು ಓದಬಹುದು, ಕೋರ್ಟು ಹೇಳಿದರೆ ಎದುರು ಪಾರ್ಟಿಯ ವಕೀಲರೂ ಓದಬಹುದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದ ನಾನು ಮಾತ್ರ ಓದಬಾರದು.

ಸಾಹೇಬರು ಠಾಣೆಗೆ ಕಳಿಸಿದ್ದು ಒಂದೇ ಸಾಲು: ವೇಗ ಅರವತ್ತೆರಡು, ಬ್ರೇಕು ಇಲ್ಲ. ಹೊಡೆತ ಎಷ್ಟು ಮೆತ್ತಗಿತ್ತು ಎಂಬ ಸಾಲು ಅದರ ಪಕ್ಕದಲ್ಲೇ ತಮ್ಮ ಹೊಟ್ಟೆಯಲ್ಲಿದೆ, ಅದು ಹೊರಬರಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಸರೋಜವ್ವ ಠಾಣೆಗೆ ಬಂದು, "ಹುಡುಗಂದೇನೂ ತಪ್ಪಿಲ್ರಿ, ನಾನ ಕರದೇನ್ರಿ. ನಮ್ಮ ಎತ್ತಿಗಿಂತ ಸಾವಕಾಶ ಹೊಂಟಿದ್ದ" ಅಂದರು. ಅಲ್ಲಿಯವರು, "ಅಮ್ಮಾರ, ನೀವು ಹೇಳೂದು ಬಾಯಿಮಾತು. ಪೆಟಗಿ ಹೇಳೂದು ಲೆಕ್ಕ" ಅಂದರು. ಸರೋಜವ್ವ ಸುಮ್ಮನೆ ಕೇಳಿದರು: "ಪೆಟಗಿ ಹುಳ್ಳಿ ನೋಡೈತೇನ್ರಿ?"

ಅದನ್ನು ಅವರು ಬರೆದುಕೊಳ್ಳಲಿಲ್ಲ. ನನ್ನ ಹಾಳು ಚಟದಿಂದ ನಾನು ಪ್ರಾಸ ಬರೆದುಕೊಂಡೆ:

ಗಾಲಿ ತಿರುಗಿತು, ಗಾಡಿ ನಿಂತಿತು,
ಲೆಕ್ಕ ಓಡಿತು, ನ್ಯಾಯ ಕುಂತಿತು.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದೇನೆಂದರೆ, ತಾವು ದಯಮಾಡಿ ಒಂದು ಕಣ್ಣು ಮೂಡಿಸಿಕೊಳ್ಳಬೇಕು. ಅದು ಆಗದಿದ್ದರೆ ಒಂದು ಮೂಗಾದರೂ ಸಾಕು, ಹುರುಳಿಯ ವಾಸನೆ ಗೊತ್ತಾದೀತು. ನನ್ನ ಜೊತೆ ಠಾಣೆಯವರೆಗೆ ಬಂದು ಬೆಂಚಿನ ಮೇಲೆ ಕೂತು, ಎಲ್ಲವನ್ನೂ ನಮಗೆ ತಿಳಿಯುವ ಕನ್ನಡದಲ್ಲಿ ಹೇಳಿದರೆ ಚಹಾದ ವ್ಯವಸ್ಥೆ ಮಾಡುತ್ತೇನೆ. ಇವು ಯಾವುವೂ ಕೈಗೂಡದಿದ್ದರೆ, ತಮ್ಮೊಳಗಿನದೆಲ್ಲವನ್ನೂ ಅರ್ಧ ಮುಚ್ಚದೆ ನನಗೂ ಒಂದು ಪ್ರತಿ ಕೊಡಿಸಬೇಕು. ನನ್ನ ಕಾರು ನನ್ನ ತಮ್ಮನ ಮೇಲೆ ಹೇಳಿದ ಚಾಡಿ ಏನೆಂದು ನಾನು ತಿಳಿಯಬಾರದೆ?

ತಮಗೆ ನನ್ನ ಮೇಲೆ ವಿಶ್ವಾಸವಿಲ್ಲದಿದ್ದರೂ, ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶಂಭುಲಿಂಗ
ಹಾನಗಲ್

ತಾ.ಕ.: ಪತ್ರ ಮಡಚುವ ಮುಂಚೆ ಒಂದು ಸಂಗತಿ. ನಿನ್ನೆ ಸರ್ವೆಯರ್ ಸಾಹೇಬರು ಜಾಗ ನೋಡಲು ಸ್ವಂತದ ಹೊಸ ಕಾರಿನಲ್ಲಿ ಆಡೂರಿಗೆ ಬಂದಿದ್ದರು. ಅದರಲ್ಲೂ ತಮ್ಮ ಪೆಟ್ಟಿಗೆ ಕುಲದವರೊಬ್ಬರು ಇದ್ದಾರಂತೆ. ರಸ್ತೆಯ ಮೇಲೆ ಉಳಿದ ಹುರುಳಿ ಹಾಸಿತ್ತು. ಸರೋಜವ್ವ ಪಟ್ಟಿ ಕಟ್ಟಿದ ಕೈಯನ್ನೇ ಅಡ್ಡ ಹಿಡಿದು, "ಸಾಹೇಬ್ರ, ಬಂದದ್ದ ಬಂದೀರಿ, ಎರಡು ಸುತ್ತು ಆಡ್ಸಿ ಹೋಗ್ರಿ" ಅಂದರು. ಮುರಿದ ಕೈಗೆ ಇಲ್ಲ ಅನ್ನಲು ಅವರಿಗೂ ಆಗಲಿಲ್ಲ. ಗಾಲಿಗಳು ನಿಂತಲ್ಲೇ ತಿರುಗಿದವು, ಮೀಟರಿನ ಮುಳ್ಳು ಐವತ್ತು ದಾಟಿತು, ಕಾರು ಗೇಣುದ್ದ ಸರಿಯಲಿಲ್ಲ. ಸರೋಜವ್ವನ ಸೊಸೆ ಸುಧಾರಾಣಿ ಕಿಟಕಿಯ ಹೊರಗಿನಿಂದ ಮುಳ್ಳು, ಗಾಲಿ ಎರಡನ್ನೂ ಫೋನಿನಲ್ಲಿ ಹಿಡಿದಳು. ಸಾಹೇಬರು ವಿಡಿಯೋ ಕೇಳಿದರು. ಆಕೆ ಫೋನನ್ನು ಸೆರಗಿಗೆ ಸುತ್ತಿ, "ಗಾಡಿ ನಿಮ್ದರಿ, ಮುಳ್ಳೂ ನಿಮ್ದರಿ, ಒಳಗಿಂದು ನಮ್ದರಿ. ಆ ಪೆಟಗೀದು ಪೂರಾ ತೊಗೊಂಡ ಬರ್ರಿ, ಕೂಡಿ ಕುಂತ ನೋಡೂಣು" ಅಂದಳು.

ಸೋಮವಾರ ತರುತ್ತೇನೆಂದು ಹೇಳಿ ಹೋಗಿದ್ದಾರೆ. ತರದಿದ್ದರೂ ಚಿಂತೆಯಿಲ್ಲ, ಠಾಣೆಯ ಜೀಪೂ ಬಂದು ಎರಡು ಸುತ್ತು ಆಡಿಸಲಿ. ಹುರುಳಿ ಇನ್ನೂ ಒಂದು ಬಣವೆ ಬಾಕಿಯಿದೆ.