ಮಗ್ಗದ ಕುಣಿಯ ಮೊಸಳೆ

ನಮ್ಮ ಮನೆಯಲ್ಲೊಂದು ಮೊಸಳೆಯಿದೆ. ಅದು ಧೋತರ ಉಡುತ್ತದೆ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಕಪ್ಪನ್ನು ಸದ್ದಿಲ್ಲದೆ ನನ್ನ ಕಡೆ ಸರಿಸುತ್ತದೆ. ನನ್ನ ಗಂಡನ ಕಾಕಾ!

ಅಂದು ಬೆಳಿಗ್ಗೆ ಎಂದಿನಂತೆ ಅಂಗಳ ಗುಡಿಸಿ, ರಂಗೋಲಿ ಹಾಕಿ ಒಳಬಂದರೆ ಅಕ್ಕಿ ತೊಳೆದ ನೀರು ಪಾತ್ರೆಸಮೇತ ಮಾಯ. ಎಲ್ಲಿ ಹೋಗಿರುತ್ತದೆ? ಹಿತ್ತಲಿನ ಕುಣಿಗೆ.

ಗಜೇಂದ್ರಗಡದ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾರೆ. ಕಾಕಾರ ಮೊಣಕಾಲು ಸೋತು ಮಗ್ಗ ಬಿಚ್ಚಿದರು, ಗಾಳಿಗೆ ಮೇಲಿನ ತಗಡೂ ಹಾರಿತು; ಕುಣಿಯೊಂದೇ ಉಳಿಯಿತು. ಆಗಲೇ ಅವರು ಫೋನಿನಲ್ಲಿ ಅಮೆರಿಕದ ಆಲಿಗೇಟರ್ ನೋಡಿದ್ದು. ಜೌಗು ನೆಲದಲ್ಲಿ ಅದು ಮೂತಿಯಿಂದ, ಬಾಲದಿಂದ ಕುಣಿ ತೋಡುತ್ತದಂತೆ. ಸುತ್ತಲೂ ಒಣಗಿದಾಗ ನೀರು ಅಲ್ಲಿ ಮಾತ್ರ. ಮೀನು, ಆಮೆ, ಹಕ್ಕಿಗಳಿಗೆಲ್ಲ ಅದೇ ಆಸರೆ.

“ಆಮ್ಯಾಲ ಅವನ್ನ ತಿಂತೈತೇನ್ರಿ?” ಎಂದೆ.

“ಒಂದೆರಡು ತಿಂತೈತಿ. ಮನಿ ಬಾಡಿಗಿ ಅಂತ ತಿಳಿಯವಾ.”

“ಆಲಿಗೇಟರ್ ಬ್ಯಾರೆ, ಮೊಸಳಿ ಬ್ಯಾರೆ ಅಂತ ನಮ್ಮ ಸಿಸ್ಟರ್ ಕಲಿಸ್ಯಾರ್ರಿ,” ಎಂದು ಕಾನ್ವೆಂಟ್ ವಿದ್ಯೆ ಹೊರತೆಗೆದೆ.

“ಇರಲಿ ಬಿಡು. ನಮ್ಮ ಮಲಪ್ರಭಾ ಹೊಳಿ ಮೊಸಳಿಗೆ ಅವು ಬೀಗರು.”

ಅಂದಿನಿಂದ ಮನೆಯ ಮುಸುರೆಯಲ್ಲದ ನೀರೆಲ್ಲ ಕುಣಿಗೆ. ಮೊದಲು ಜೇನುನೊಣ ಬಂದವು, ಆಮೇಲೆ ಪಿಕಳಾರ, ಒಂದು ಅಡ್ಡಮಳೆಯಾದ ಮೇಲೆ ಕಪ್ಪೆಗಳ ಸಂಸಾರ. ಒಮ್ಮೆ ಬೆಳ್ಳಕ್ಕಿಯೊಂದು ಇಳಿದಾಗ ಅದು ಬೆದರೀತೆಂದು ಮಿಕ್ಸರ್ ಬಂದ್ ಮಾಡಿಸಿದರು. ಅಂದು ಚಟ್ನಿಯಿಲ್ಲದ ಇಡ್ಲಿ!

ನನ್ನ ಗಂಡ, ಇವರಿಗೆ ಮಾತ್ರ ಅಲ್ಲಿ ಸ್ಕೂಟರ್ ನಿಲ್ಲಿಸಬೇಕಿತ್ತು. ಅಕ್ಕಿ ತೊಳೆದ ನೀರು ಮಾಯವಾದ ದಿನವೇ ಕುಣಿ ಮುಚ್ಚಲು ಗೌಂಡಿ ಬಂದ. ಕಾಕಾ ಮೆಲ್ಲಗೆ ಹೋಗಿ ದಂಡೆಯ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟರು.

“ಅಜ್ಜಾರ, ಏಳ್ರಿ. ಕಲ್ಲು ಹಾಕಬೇಕು.”

“ಹಾಕಪಾ. ಒಳಗ ಮೊಸಳಿ ಐತಿ, ನೋಡ್ಕೊಂಡ ಹಾಕು.”

ಗೌಂಡಿ ನಕ್ಕು, ಚಹಾ ಕುಡಿದು, ನಾಳೆ ಬರುತ್ತೇನೆಂದು ಹೋದ. ಕಪ್ಪು ಎತ್ತಲು ಹೋದ ನನ್ನ ಕಣ್ಣು ನೀರೊಳಗೆ ಬಿತ್ತು. ಕಾಕಾರ ಪಾದಗಳು ಒಂದಾದ ಮೇಲೊಂದು ಒತ್ತುತ್ತಿದ್ದವು, ಅಲ್ಲಿ ಇಲ್ಲದ ಮಗ್ಗದ ತುಳಿಹಲಗೆಗಳನ್ನು. ಬಲಗೈ ತೊಡೆಯ ಮೇಲೆ ಲಾಳಿಯ ಹಗ್ಗ ಎಳೆಯುತ್ತಿತ್ತು.

ಸಂಜೆ ಇವರು, “ನಾಳೆ ಮುಂಜಾನೆ ಕಾಕಾ ಏಳೂದರೊಳಗ ಬಾ ಅಂತ ಗೌಂಡಿಗೆ ಫೋನ್ ಹಚ್ಚು,” ಎಂದರು. ಫೋನ್ ಹಿಡಿದು ಹಿತ್ತಲಿಗೆ ಬಂದೆ. ಗೋಡೆಯಾಚೆ ಪಕ್ಕದ ಮನೆಯ ಖಾಲಾ ಪುಂಡಿಪಲ್ಯ ಸೋಸುತ್ತಿದ್ದರು. ತಲೆಯೆತ್ತದೆಯೇ ಅಂದರು:

“ನಿಮ್ಮ ಕಾಕಾರ ಮಗ್ಗದ ಸಪ್ಪಳ ನಿಂತಾಗಿಂದ ನನಗ ನಿದ್ದೀನ ಹತ್ತಿದ್ದಿಲ್ಲ ನೋಡ ತಂಗಿ. ಈ ಕಪ್ಪಿ ಒದರಾಕ ಹತ್ತಿದ ಮ್ಯಾಲ ಚಲೋ ಹತ್ತಾಕತ್ತೈತಿ.”