ಬಸ್ಸಿಗಾಗಿ ಬೀದಿ ಅಳೆದ ಟೈಲರ್

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಸಾಲದಿದ್ದರೆ ಮಲಗಿದವನ ಕಾಲು ಕತ್ತರಿಸು ಎಂದು ತಿದ್ದಿದರು ಪುರಸಭೆಯವರು. ಇದು ನಡೆದ ಸಂಗತಿ; ಸುಳ್ಳಾದರೆ ನನ್ನ ಅಂಗಿಯಲ್ಲಿ ಒಂದು ಗುಂಡಿಯೂ ನಿಲ್ಲದಿರಲಿ.

ಖರ್ಚು ಇಳಿಸಲು ಹೊರಟ ಪುರಸಭೆಯ ಕಣ್ಣಿಗೆ ಮೊದಲು ಬಿದ್ದದ್ದು ಶಾಲೆಯ ಉಚಿತ ಬಸ್ಸು. ಶಾಲೆಯಿಂದ ಒಂದು ಕಿಲೋಮೀಟರಿನ ಒಳಗಿರುವ ಮಕ್ಕಳು ಇನ್ನು ನಡೆದೇ ಬರಲಿ ಎಂದು ತೀರ್ಮಾನವಾಯಿತು. ಮೂಗಿನಲ್ಲೇ ಮಾತಾಡುವ ಇಂಜಿನಿಯರು ಗಾಲಿ ಕಟ್ಟಿದ ಕೋಲನ್ನು ದೊಡ್ಡ ರಸ್ತೆಯುದ್ದಕ್ಕೂ ಉರುಳಿಸುತ್ತ ಬಂದರು. ಆ ಹಾಳು ಕಿಲೋಮೀಟರು ಮುಗಿದದ್ದೆಲ್ಲಿ? ಟೈಲರನ ಮನೆಗೂ ಸಲೂನಿನವನ ಮನೆಗೂ ನಡುವಿದ್ದ ಗೋಡೆಯ ಮೇಲೆ. ಟೈಲರ್ ಒಳಗೆ, ಸಲೂನಿನವನು ಹೊರಗೆ!

ಅಂದಿನಿಂದ ಬಸ್ಸು ಸಲೂನಿನವನ ಬಾಗಿಲಲ್ಲಿ ನಿಂತು ಅವನ ಮೂವರು ಮಕ್ಕಳನ್ನು ನುಂಗಿ ಹೋಗುತ್ತಿತ್ತು. ಟೈಲರನ ಮಗಳು ಪಕ್ಕದಲ್ಲೇ ನಿಂತು ಹೊಗೆ ಕುಡಿಯುತ್ತಿದ್ದಳು. ಸಂಜೆ ಗೆಳತಿಯರ ಹಿಂಡಿನಲ್ಲಿ ಹೇಗೋ ಬಂದುಬಿಡುತ್ತಿದ್ದಳು. ಬೆಳಿಗ್ಗೆ ಮಾತ್ರ ಟೈಲರನೇ ಬಿಟ್ಟುಬರಬೇಕು. ಅವನು ಬಂದು ಅಂಗಡಿ ತೆರೆಯುವಷ್ಟರಲ್ಲಿ ಅವನ ಗಿರಾಕಿಗಳು ಎದುರಿನ ಟೈಲರನ ಮುಂದೆ ಕೈ ಚಾಚಿ ತೋಳಿನ ಅಳತೆ ಕೊಡುತ್ತ ನಿಂತಿರುತ್ತಿದ್ದರು. ಬಸ್ಸು ಬಾರದಿದ್ದರೆ ಅಂಗಡಿಗೆ ಬೀಗವೇ ಗತಿ ಎಂದು ಅವನು ಪುರಸಭೆಗೆ ಅರ್ಜಿ ಕೊಟ್ಟ. ಕೊಟ್ಟದ್ದನ್ನು ಸಲೂನಿನಲ್ಲಿ ಹೇಳಿಯೂ ಬಂದ. ಅಲ್ಲೇ ಎಡವಿದ್ದು.

ಸಲೂನಿನವನಿಗೆ ಎರಡು ಕಲೆ ಸಿದ್ಧಿಸಿದ್ದವು: ಗಿರಾಕಿಗಳ ತಲೆ ಬೋಳಿಸುವುದು, ಊರವರ ದನಿ ಕದಿಯುವುದು. ಮರುದಿನ ಬೆಳಿಗ್ಗೆ ಟೈಲರನ ಫೋನು ಮೂಗಿನಲ್ಲೇ ಮಾತಾಡಿತು.

"ಹ್ಞಾಂ, ಟೈಲರೇನ್ರೀ? ಪುರಸಭೆ ಇಂಜಿನಿಯರು. ನಿಮ್ಮ ಅರ್ಜಿ ನೋಡ್ದೆ. ಮರು ಅಳತೆ ಆಗ್ಬೇಕು. ನಿಮ್ಮ ಟೇಪಲ್ಲೇ ಅಳೀರಿ."

"ನಾನಾ ಸಾರ್?"

"ಮತ್ತೆ ನಾನಾ? ಮಗು ಮುಂದೆ, ನೀವು ಹಿಂದೆ. ಮಗು ಹೇಗೆ ಹೋಗತ್ತೋ ಹಾಗೇ. ಒಂದೊಂದು ಟೇಪಿಗೂ ಒಂದು ಚಾಕ್‌ಪೀಸ್ ಗೆರೆ. ಶಾಲೆ ಚೀಲ ನಿಮ್ಮ ಬೆನ್ನ ಮೇಲಿರ್ಲಿ."

"ಚೀಲ ಯಾಕೆ ಸಾರ್?"

"ಹೊರೆ ಹೊತ್ತಾಗ ದಾರಿ ಎಷ್ಟು ಉದ್ದ ಅಂತ ಗೊತ್ತಾಗೋದು ಬೇಡ್ವೇನ್ರೀ!"

ಹೆಂಡತಿಗೆ ಅನುಮಾನ. "ರೀ, ಯಾರೋ ನಿಮ್ಮನ್ನ ಕೋತಿ ಥರ ಕುಣಿಸ್ತಿದಾರೆ."

"ಸುಮ್ನಿರೇ. ಆ ಮೂಗು ಪುರಸಭೆಯದ್ದೇ."

ಬಣ್ಣದ ಚೀಲ ಬೆನ್ನಿಗೇರಿತು. ಟೈಲರ್ ಮಂಡಿಯೂರಿದ. ಟೇಪು ಹಾಸಿದ, ಗೆರೆ ಎಳೆದ, ಕಪ್ಪೆಯಂತೆ ಕುಪ್ಪಳಿಸಿದ, ಮತ್ತೆ ಟೇಪು ಹಾಸಿದ. ಬೀದಿ ತಿರುಗಿದಲ್ಲಿ ಕೊರಳಪಟ್ಟಿಯ ಅಳತೆಯಂತೆ ಟೇಪನ್ನು ನಾಜೂಕಾಗಿ ಬಳಸಿದ. ಎದುರುಮನೆಯ ಅಜ್ಜಿ ಕಟ್ಟೆಯಿಂದ ಬಗ್ಗಿದರು.

"ಏನು ಕಳ್ಕೊಂಡ್ಯಪ್ಪಾ?"

"ಬಸ್ಸು, ಅಜ್ಜೀ!"

ಬೀದಿಗೆ ಬೀದಿಯೇ ಹಿಂದೆ ಹೊರಟಿತು. ಮುಂಚೂಣಿಯಲ್ಲಿ ಸಲೂನಿನವನು, ನಗು ತಡೆಯಲು ಬಾಯಿಗೆ ಟವೆಲು ತುರುಕಿಕೊಂಡು. ಅಷ್ಟರಲ್ಲಿ ಮಗಳು ದೊಡ್ಡ ರಸ್ತೆ ಬಿಟ್ಟು, ಒಂದು ಸಂದಿ ಹೊಕ್ಕು, ಹಿಂದಕ್ಕೆ ತಿರುಗಿ ಸಲೂನಿನವನ ಹಿತ್ತಿಲಿಗೇ ನುಗ್ಗಿದಳು.

"ಪುಟ್ಟೀ, ರಸ್ತೆ ಆ ಕಡೆ!"

"ಸಂಜೆ ನಾವೆಲ್ಲ ಬರೋದು ಇಲ್ಲೇ ಅಪ್ಪಾ."

ಟೈಲರ್ ಟೇಪು ಸುತ್ತಿ ದೊಡ್ಡ ರಸ್ತೆಯತ್ತ ತಿರುಗಿದ. ಸಲೂನಿನವನು ಟವೆಲು ತೆಗೆದು ಕೂಗಿದ: "ಸಾಹೇಬ್ರ ಮಾತು ಮೀರ್ಬೇಡಿ ಟೈಲರಣ್ಣಾ! ಮಗು ಹಿಂದೇನೇ ಹೋಗಿ! ನನ್ನ ಮನೆ ಬಾಗ್ಲಿಂದ ಹೊಸದಾಗಿ ಶುರು ಮಾಡಿ!"

ಸಲೂನಿನವನ ಹೊಸಿಲಿನಿಂದ ಹೊರಟ ಗೆರೆ, ಹಿತ್ತಿಲು ದಾಟಿ, ಒಡಕು ಗೋಡೆಯಲ್ಲಿ ನುಸುಳಿ, ಮರದ ಡಿಪೊ ಹೊಕ್ಕಿತು. ಹಿಂದಕ್ಕೆ ಬರುತ್ತಿದ್ದ ಲಾರಿ ಗಕ್ಕನೆ ನಿಂತಿತು. ಡ್ರೈವರ್ ತಲೆ ಹೊರಹಾಕಿದ. "ಯಾರ್ರೀ ಅದು, ಚಕ್ರದ ಹತ್ರ ಟೇಪು ಹಿಡ್ಕೊಂಡು! ನನ್ನ ಲಾರಿಗೆ ಚಡ್ಡಿ ಹೊಲೀತೀರಾ?"

ಡಿಪೊದ ಆಚೆಗೆ ಶಾಲೆಯ ಹಿಂದಿನ ಗೇಟು. ಅಲ್ಲಿ ಬಸ್ಸು ತಿರುಗಿಸುವ ಜಾಗ ನೋಡಲು ಬಂದಿದ್ದ ಇಂಜಿನಿಯರು, ಗಾಲಿಕೋಲು ಹಿಡಿದು, ಅಸಲಿ ಮೂಗಿನೊಂದಿಗೆ ನಿಂತಿದ್ದರು.

"ಮುಗೀತು ಸಾರ್. ನೀವು ಫೋನಲ್ಲಿ ಹೇಳಿದ ಹಾಗೇ ಅಳೆದೆ," ಎಂದು ಟೈಲರ್ ಮೇಲೆದ್ದ. ಪ್ಯಾಂಟಿನ ಎರಡು ಮಂಡಿಗಳೂ ಬಾಯಿ ಬಿಟ್ಟಿದ್ದವು.

"ಹ್ಞಾಂ? ನಾನೆಲ್ಲಿ ಫೋನ್ ಮಾಡ್ದೆ?"

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಲೂನಿನವನು "ಮತ್ತೆ ನಾನಾ?" ಎಂದು ಮೂಗಿನಲ್ಲಿ ಉಲಿದು ಇನ್ನಷ್ಟು ನಗಿಸಿದ. ಟೈಲರನಿಗೆ ಎಲ್ಲ ಅರ್ಥವಾಗಿ ಮುಖ ಇಸ್ತ್ರಿಪೆಟ್ಟಿಗೆಯಂತೆ ಕಾಯಿತು. ಇಂಜಿನಿಯರು ಮಾತ್ರ ನಗಲಿಲ್ಲ. ಅವರು ಗೆರೆಗಳನ್ನೇ ನೋಡುತ್ತಿದ್ದರು. ಗಾಲಿಕೋಲು ಇಳಿಸಿ, ಗೆರೆ ಹಿಡಿದು ಉರುಳಿಸುತ್ತ ಹೊರಟರು. ಡಿಪೊ, ಒಡಕು ಗೋಡೆ, ಹಿತ್ತಿಲು... ಗುಂಪು ಹಿಂಬಾಲಿಸಿತು. ಗಾಲಿ ನಿಂತದ್ದು ಸಲೂನಿನವನ ಹೊಸಿಲಲ್ಲಿ.

"ಅರ್ಧ ಕಿಲೋಮೀಟರೂ ಆಗ್ಲಿಲ್ವಲ್ರೀ! ಇಷ್ಟು ಹತ್ತಿರದ ದಾರಿ ಇಟ್ಕೊಂಡು ಬಸ್ಸಲ್ಲಿ ಮೆರೀತಿದೀರಾ? ಬೀದಿಯ ಕೊನೇ ಮನೇನೂ ಒಳಗೇ ಬಂತು. ನಾಳೆಯಿಂದ ಈ ಬೀದಿಗೇ ಬಸ್ ಇಲ್ಲ!"

ಗುಂಪಿನ ನಗು ಬ್ರೇಕು ಹಾಕಿದಂತೆ ನಿಂತಿತು.

"ಸಾರ್, ಲಾರಿ... ಸಣ್ಣ ಮಕ್ಕಳು..." ಎಂದ ಸಲೂನಿನವನು. ಎಷ್ಟೋ ವರ್ಷಗಳ ಮೇಲೆ ಬೀದಿ ಅವನ ಸ್ವಂತ ದನಿ ಕೇಳಿತು.

"ಲಾರಿ ಇದ್ರೆ ಅಪ್ಪಂದಿರು ಜೊತೇಲಿ ಹೋಗಿ. ಹಿತ್ತಿಲಿಗೆ ಬೇಲಿಗೀಲಿ ಹಾಕ್ಬೇಡಿ, ಇನ್ನು ಇದೇ ದಾರಿ."

ಆಗ ಹಿಂದಿನಿಂದ ಒಂದು ನಗು ಹೊರಟಿತು. ಮೊದಲು ಹೊಲಿಗೆ ಯಂತ್ರದಂತೆ ಟಕಟಕ, ಆಮೇಲೆ ತಡೆಯೇ ಇಲ್ಲ. ಟೈಲರ್ ಬೆನ್ನ ಮೇಲಿನ ಚೀಲ ಕುಣಿಯುವಂತೆ ನಗುತ್ತಿದ್ದ.

ಸಲೂನಿನವನು ಸಿಡುಕಿದ. "ಯಾಕ್ರೀ ಕಿಸೀತೀರಾ? ನಿಮಗೂ ಬಸ್ ಬರ್ಲಿಲ್ವಲ್ಲ!"

"ನನಗೆ ನಿನ್ನೆಯೂ ಬಸ್ ಇರ್ಲಿಲ್ಲ ಮಾರಾಯಾ!" ಎಂದ ಟೈಲರ್ ಅಲ್ಲೇ ಕುಸಿದು ಕುಳಿತು, ಕಣ್ಣೊರೆಸಿಕೊಂಡು, ಮತ್ತೆ ನಗತೊಡಗಿದ.